ಆಟದ ಪೆಟ್ಟೂ ಅಂಗಳದ ಪೆಟ್ಟೂ

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಮಾತು ಕನ್ನಡಿಗರೆಲ್ಲರ ಬಾಯಲ್ಲಿದೆ. ಜಂಬಗಾರನನ್ನು ಹಂಗಿಸುವುದಕ್ಕೆ ಅದನ್ನು ಬಳಸುತ್ತೇವಲ್ಲದೆ ಅದರ ಹುಟ್ಟು ಯಾವುದೆಂದು ವಿಚಾರಿಸುವುದಿಲ್ಲ. ಕುಸ್ತಿಯ ಕಣದಿಂದ ಎದ್ದುಬಂದ ಮಾತದು. ಬಿದ್ದವನಿಗೆ ತಗಲುವುದು ಮಣ್ಣು, ಕೆಡುವುದು ಮೀಸೆ, ಹೋಗುವುದು ಮಾನ. ಅವನ ನಷ್ಟ ಇಷ್ಟೇ ಎಂದು ಆ ಮಾತನ್ನು ಕಟ್ಟಿದವರು ಗೃಹೀತ ಹಿಡಿದಿದ್ದರು. ಕಣದಲ್ಲಿ ಮಣ್ಣಿನ ಬದಲು ಕಲ್ಲಿದ್ದೀತು, ತುಕ್ಕು ಹಿಡಿದ ಮೊಳೆಯಿದ್ದೀತು, ಬಿದ್ದವನು ಏಳದೆಯೇ ಹೋದಾನು ಎಂಬ ಶಂಕೆ ಅವರಿಗೆ ಇದ್ದಂತೆ ತೋರುವುದಿಲ್ಲ.

ಶಂಕೆ ಇಲ್ಲದಿರುವುದಕ್ಕೆ ಕಾರಣವೂ ಇದ್ದಿತು. ಇಂಡಿ ತಾಲೂಕಿನ ಹೊರ್ತಿ ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿನ ದೊಡ್ಡ ಊರು; ರೇವಣಸಿದ್ಧೇಶ್ವರನ ಊರು. ಈ ಸೀಮೆಯಲ್ಲಿ ಜಾತ್ರೆಯೆಂದರೆ ದೇವರ ಉತ್ಸವ, ದನದ ಸಂತೆ, ಅವುಗಳ ಬೆನ್ನಿಗೆ ಜಂಗೀ ನಿಕಾಲಿ ಕುಸ್ತಿ. ತೆಂಗಿನಕಾಯಿಯ ಬಹುಮಾನಕ್ಕೆ ಸೆಣಸುವ ಹತ್ತು ವರ್ಷದ ಪೋರರಿಂದ ಮೊದಲಾಗಿ ಬೆಳ್ಳಿಯ ಕಡಗಕ್ಕೆ ತೋಳು ತಟ್ಟುವ ಪೈಲ್ವಾನರವರೆಗೆ ಜೋಡಿಗಳು ಹಲಗೆಯ ನಾದಕ್ಕೆ ಕಣಕ್ಕಿಳಿಯುತ್ತವೆ. ಸಂಗ್ರಾಣಿ ಕಲ್ಲನ್ನು ಎತ್ತಿ ಹೆಗಲಾಚೆ ಒಗೆಯುವವರು, ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತುವವರು ಬೇರೆ. ವಿಜಯಪುರದ ಸಿದ್ಧೇಶ್ವರನ ಸಂಕ್ರಮಣದ ಜಾತ್ರೆಯಲ್ಲಿ ಈ ಭಾರ ಎತ್ತುವ ಸ್ಪರ್ಧೆಯನ್ನು ನೋಡಿದವರಿಗೆ ನಾನು ಹೆಚ್ಚು ವರ್ಣಿಸಬೇಕಾದುದಿಲ್ಲ. ಇಂಥ ಆಟಗಳಿಗೆ ಬೆನ್ನೆಲುಬಾಗಿದ್ದುದು ಊರ ಗರಡಿ. ಗರಡಿಯ ಮಣ್ಣು ಹೊಲದಿಂದ ತಂದು ಸುರಿದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಹರಳು ಹೆಂಟೆಗಳನ್ನು ಆರಿಸಿ, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಯ ರಸ ಬೆರೆಸಿ ಹದಮಾಡಿದ ಮಣ್ಣು. ದಿನ ಬೆಳಗಾದರೆ ಅದನ್ನು ಅಗೆದು ಸಡಿಲಿಸಬೇಕು. ದುಡಿಮೆ ಹುಡುಗರದು, ಮೇಲುಗಣ್ಣು ವಸ್ತಾದರದು. ಹರಳು ತಾಗಿ ಒಬ್ಬನ ಬೆನ್ನು ಸೀಳಿದರೆ ಎದುರಾಳಿಯನ್ನು ಯಾರೂ ದೂರುತ್ತಿರಲಿಲ್ಲ. ತಲೆ ತಗ್ಗಿಸಬೇಕಾದವರು ವಸ್ತಾದರು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕಾಗಿಯೇ ಒಂದು ಭಾಗವನ್ನು ಮೀಸಲಿಟ್ಟು ಮಲ್ಲರ ಆಹಾರ, ಅಭ್ಯಾಸಗಳನ್ನು ಹೇಳಿದ್ದಾನೆ. ಆಡಿಸುವವನಿಗೂ ಕೆಲಸವಿದೆಯೆಂಬುದು ಈ ನಾಡಿಗೆ ಹೊಸ ವಿಚಾರವೇನಲ್ಲ.

ಆಟದ ಪೆಟ್ಟು ಬೇರೆ, ಅಂಗಳದ ಪೆಟ್ಟು ಬೇರೆ. ಎದುರಾಳಿಯ ಪಟ್ಟಿಗೆ ಸಿಕ್ಕು ಭುಜ ಉಳುಕಿದರೆ ಅದು ಆಟದ ಪೆಟ್ಟು. ಇಳಿಯುವ ಮುನ್ನವೇ ಅದಕ್ಕೆ ಒಪ್ಪಿಯಾಗಿದೆ. ಕಣದ ಅಂಚಿನ ಗೂಟಕ್ಕೆ ತಲೆ ಬಡಿದರೆ ಅದು ಅಂಗಳದ ಪೆಟ್ಟು. ಅದಕ್ಕೆ ಯಾವ ಆಟಗಾರನೂ ಒಪ್ಪಿರುವುದಿಲ್ಲ. ಗರಡಿಯ ವಸ್ತಾದರಿಗೆ ತಿಳಿದಿದ್ದ ಈ ಭೇದವನ್ನು ಇಂದು ಪಂಚಾಯತಿ, ಶಾಲೆ, ಕಾಲೇಜು, ಜಾತ್ರಾ ಕಮಿಟಿಗಳೆಲ್ಲ ಮರೆತಿವೆ. ಇನ್ನೂ ವಿಷಾದದ ಸಂಗತಿಯೆಂದರೆ ಪೆಟ್ಟು ತಿಂದವರೂ ಮರೆತಿದ್ದಾರೆ.

ಕೆಲವು ವರ್ಷಗಳ ಕೆಳಗೆ ನನ್ನ ವಿದ್ಯಾರ್ಥಿಯೊಬ್ಬ, ಹೊರ್ತಿಗೆ ಹತ್ತಿರದ ಹಳ್ಳಿಯವನು, ಒಂದು ಸಾರ್ವಜನಿಕ ಮೈದಾನದಲ್ಲಿ ಓಡುತ್ತಿದ್ದಾಗ ಹಂದರದ ಕಂಬಕ್ಕೆಂದು ತೋಡಿದ್ದ ಕುಣಿಯಲ್ಲಿ ಕಾಲಿಟ್ಟ. ಹಿಂದಿನ ವಾರ ಅಲ್ಲೊಂದು ಸಮಾರಂಭ ನಡೆದಿತ್ತು. ಕಂಬ ಕಿತ್ತುಕೊಂಡು ಹೋದವರು ಕುಣಿಯನ್ನು ಮುಚ್ಚಿರಲಿಲ್ಲ, ಹುಲ್ಲು ಅದನ್ನು ಮರೆಮಾಡಿತ್ತು. ಮೊಣಕಾಲಿನೊಳಗಿನ ಕಟ್ಟು ಹರಿಯಿತು. ಹುಡುಗ ಪೊಲೀಸ್ ಪೇದೆಯ ಕೆಲಸಕ್ಕೆ ಸಿದ್ಧನಾಗುತ್ತಿದ್ದವನು. 1600 ಮೀಟರು ಓಟವನ್ನು ಗಡಿಯಾರ ಹಿಡಿದು ಅಳೆಯುವ ನೌಕರಿ ಅದು. ತಂದೆ ಲಿಂಬೆಯ ತೋಟದ ಒಂದು ಹಂಗಾಮಿನ ಫಸಲನ್ನು ಮುಂಗಡವಾಗಿ ಮಾರಿ ಶಸ್ತ್ರಕ್ರಿಯೆ ಮಾಡಿಸಿದರು. ಹುಡುಗ ನಡೆಯುತ್ತಾನೆ; ಮೊದಲಿನಂತೆ ಓಡಲಾರ. ಮೈದಾನದ ಹೊಣೆ ಹೊತ್ತವರೊಬ್ಬರು ನೋಡಲು ಬಂದು, “ಆಟ ಅಂದಮ್ಯಾಲ ಪೆಟ್ಟು ಇದ್ದದ್ದರೀ ಗೌಡ್ರ, ಅದಕ್ಕ ಯಾರ ಏನ್ ಮಾಡಾಕ ಬರತೈತಿ?” ಎಂದು ಹೇಳಿ ಹೋದರು. ತಂದೆಯೂ ಹೌದೆಂದು ತಲೆಯಾಡಿಸಿದರು. ಆ ಕುಣಿಗೂ ಓಟದ ಆಟಕ್ಕೂ ಏನು ಸಂಬಂಧವೆಂದು ಕೇಳುವ ಬುದ್ಧಿ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ನಾನು ಕಾಯಿದೆ ಓದಿದವನಲ್ಲ, ಕನ್ನಡ ಕಲಿಸುವವನು. ಆದರೂ ನ್ಯಾಯಾಸ್ಥಾನಗಳ ತೀರ್ಪುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಬೇಕೆಂದು ನನ್ನ ಮತ. ಒಂದು ಪದದ ಅರ್ಥ ಎಲ್ಲಿಯವರೆಗೆ ಎಳೆದರೆ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಅಷ್ಟು ಜಾಗರೂಕತೆಯಿಂದ ನೋಡುವ ಗದ್ಯ ಬೇರೆಲ್ಲಿ ದೊರೆಯುತ್ತದೆ? ‘ಒಪ್ಪಿಗೆ’ ಎಂಬ ಪದವನ್ನೇ ತೆಗೆದುಕೊಳ್ಳಿರಿ. 1860ರ ಭಾರತೀಯ ದಂಡಸಂಹಿತೆಯ 87ನೆಯ ಕಲಮು, ಸಾವನ್ನಾಗಲಿ ತೀವ್ರ ಗಾಯವನ್ನಾಗಲಿ ಉದ್ದೇಶಿಸದ ಕೃತ್ಯದಿಂದ ಒಪ್ಪಿದವನಿಗೆ ನೋವಾದರೆ ಅದು ಅಪರಾಧವಲ್ಲವೆಂದು ಹೇಳಿ, ವಿನೋದಕ್ಕಾಗಿ ಕತ್ತಿವರಸೆಯಾಡುವ ಇಬ್ಬರ ಉದಾಹರಣೆಯನ್ನು ಕೊಟ್ಟಿತು. ಆಟಕ್ಕಿಳಿದವರು ಆಟದ ಗಾಯಕ್ಕೆ ಒಪ್ಪಿದ್ದಾರೆ. ಆದರೆ ಮೋಸವಿಲ್ಲದ ಆಟದ ಗಾಯಕ್ಕೆ ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಇದೇ ನಿಯಮ 25ನೆಯ ಕಲಮಾಗಿ ಮುಂದುವರಿದಿದೆ. ಅದರಲ್ಲಿ ಇನ್ನೊಂದು ಕಟ್ಟಿದೆ: ಒಪ್ಪಿದವನು 18 ವರ್ಷ ಮೀರಿದವನಾಗಿರಬೇಕು. ತೆಂಗಿನಕಾಯಿಗಾಗಿ ಕಣಕ್ಕಿಳಿದ ಪೋರನಿಂದ, ಹೈಸ್ಕೂಲಿನ ಖೋ-ಖೋ ತಂಡದಿಂದ ಈ ಕಲಮು ಒಪ್ಪಿಗೆಯನ್ನು ತೆಗೆದುಕೊಳ್ಳುವುದಿಲ್ಲ. ನಮ್ಮ ಮೈದಾನಗಳಲ್ಲಿ ಆಡುವವರಲ್ಲಿ ಬಹುಪಾಲು ಅವರೇ ಎಂಬುದನ್ನು ವಾಚಕರು ಗಮನಿಸಬೇಕು.

ದಂಡದ ಮಾತು ಒಂದು, ನಷ್ಟಭರ್ತಿಯ ಮಾತು ಇನ್ನೊಂದು. ನಷ್ಟಭರ್ತಿಯ ಕಾಯಿದೆ ನಮಗೆ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದುದು. ಅಲ್ಲಿಯ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೆರೆ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. 1922ರದು ಗ್ಲಾಸ್ಗೋ ನಗರದ ಸಾರ್ವಜನಿಕ ಉದ್ಯಾನದ ಸಂಗತಿ. ಏಳು ವರ್ಷದ ಬಾಲಕನೊಬ್ಬ ಅಲ್ಲಿಯ ಗಿಡದ ಮೇಲೆ ಚೆರಿಯಂತೆ ಹೊಳೆಯುತ್ತಿದ್ದ ವಿಷದ ಹಣ್ಣನ್ನು ತಿಂದು ಸತ್ತ. ಎಚ್ಚರಿಕೆ ಸಾಲುವಷ್ಟಿರಲಿಲ್ಲ. ಮಕ್ಕಳನ್ನು ಸೆಳೆಯುವ ಅಪಾಯವನ್ನು ಮಕ್ಕಳು ಬರುವಲ್ಲಿ ಇಟ್ಟವರು ಉತ್ತರ ಹೇಳಬೇಕಾಗುತ್ತದೆಂದು ಲಾರ್ಡರ ಸಭೆ ತೀರ್ಮಾನಿಸಿತು. 1951ರ ‘ಬೋಲ್ಟನ್ ವಿರುದ್ಧ ಸ್ಟೋನ್’ ಇದಕ್ಕೆ ವಿರುದ್ಧ ದಿಕ್ಕಿನದು. ಕ್ರಿಕೆಟ್ ಮೈದಾನದಿಂದ ಹಾರಿಬಂದ ಚೆಂಡು ರಸ್ತೆಯಲ್ಲಿ ನಿಂತ ಮಹಿಳೆಗೆ ಬಡಿಯಿತು. ಮೂವತ್ತು ವರ್ಷಗಳಲ್ಲಿ ಚೆಂಡು ಹಾಗೆ ಆಚೆ ಹೋದುದು ಸುಮಾರು ಆರು ಸಲ. ಇಷ್ಟು ಅಪರೂಪದ ಸಂಭವಕ್ಕೆ ಸಂಘವನ್ನು ಹೊಣೆಮಾಡಲಾಗದೆಂದು ನ್ಯಾಯಾಧೀಶರು ಹೇಳಿದರು. 2003ರಲ್ಲಿ ಮತ್ತೊಂದು: ಸಾರ್ವಜನಿಕ ಉದ್ಯಾನದ ಸರೋವರದ ಆಳವಿಲ್ಲದ ನೀರಿಗೆ ಧುಮುಕಿ ಕುತ್ತಿಗೆ ಮುರಿದುಕೊಂಡ 18ರ ತರುಣನ ದಾವೆ. ಅಲ್ಲಿ ಈಜಬಾರದೆಂದು ಫಲಕವಿದ್ದಿತು. ಅಪಾಯ ಕಣ್ಣಿಗೆ ಕಾಣುವಂತಿದ್ದಿತು. ಒಬ್ಬನ ಸಾಹಸಕ್ಕಾಗಿ ಉಳಿದವರೆಲ್ಲರಿಂದ ಸರೋವರವನ್ನು ಕಸಿದುಕೊಳ್ಳಲಾಗದೆಂದು ಅವನ ದಾವೆಯನ್ನು ತಳ್ಳಿಹಾಕಿದರು. ಆ ತರುಣನ ದುಃಖ ದೊಡ್ಡದು, ಆದರೂ ತೀರ್ಪು ಸರಿಯೆಂದೇ ನಾನು ಬಗೆಯುತ್ತೇನೆ. ನೀರು ನೀರಾಗಿರುವುದು ಯಾರ ತಪ್ಪೂ ಅಲ್ಲ. ಹುಲ್ಲಿನೊಳಗೆ ಕುಣಿ ಅಡಗಿರುವುದು ಮಾತ್ರ ಯಾರದೋ ತಪ್ಪು.

ನಮ್ಮ ಸರ್ವೋಚ್ಚ ನ್ಯಾಯಾಲಯವೂ ಸುಮ್ಮನಿಲ್ಲ. ದಿಲ್ಲಿಯ ಚಾಂದನಿ ಚೌಕದಲ್ಲಿ ಪುರಭವನದೆದುರಿನ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ, 1966ರಷ್ಟು ಹಿಂದೆಯೇ, ಅದು ನಗರಸಭೆಯನ್ನು ಹೊಣೆಮಾಡಿತು. ಗೋಪುರಕ್ಕೆ ಸುಮಾರು ಎಂಬತ್ತು ವರ್ಷ. ಅದರ ಗಾರೆಯ ಆಯುಷ್ಯವೇ ನಲವತ್ತು ನಲವತ್ತೈದು ವರ್ಷ. ದೋಷ ಒಳಗಿದ್ದಿತು, ನಮಗೆ ಕಾಣಲಿಲ್ಲವೆಂದು ಒಡೆಯನು ಹೇಳುವಂತಿಲ್ಲ. ಕಾಲಕಾಲಕ್ಕೆ ಪರೀಕ್ಷಿಸಿ ನೋಡುವುದು ಅವನ ಕರ್ತವ್ಯ. 2001ರಲ್ಲಿ, ಶಾಲೆಯ ವಿಹಾರಕ್ಕೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿದ 14 ಮಕ್ಕಳ ತಂದೆತಾಯಿಗಳಿಗೆ ತಲಾ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಹೀಗಿರುವಲ್ಲಿ, ಸಾರ್ವಜನಿಕ ಸ್ಥಳದ ಕೇಡಿಗೆ ಯಾರೂ ಹೊಣೆಯಲ್ಲವೆಂಬ ಮಾತಿಗೆ ಕಾಯಿದೆಯಲ್ಲಿ ನೆಲೆಯಿಲ್ಲ. ನೆಲೆಯಿರುವುದು ನಮ್ಮ ಮನಸ್ಸಿನಲ್ಲಿ.

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ, ಆಗಿನ ಮಹಾನಗರಪಾಲಿಕೆಯ ಆಟದ ಮೈದಾನಕ್ಕೆ ಆಡಲೆಂದು ಬಂದ 11 ವರ್ಷದ ಬಾಲಕನ ಮೇಲೆ ಮೈದಾನದ ಕಬ್ಬಿಣದ ಗೇಟೇ ಕಳಚಿಬಿದ್ದು ಅವನು ತೀರಿಕೊಂಡ. 2025ರ ನವೆಂಬರಿನಲ್ಲಿ ಹರಿಯಾಣದ ರೋಹತಕ ಜಿಲ್ಲೆಯ ಲಾಖನ ಮಾಜರಾದಲ್ಲಿ ಬಾಸ್ಕೆಟ್‌ಬಾಲ್ ಅಭ್ಯಾಸ ಮಾಡುತ್ತಿದ್ದ 16 ವರ್ಷದ ಆಟಗಾರನು ಬುಟ್ಟಿಯ ಅಂಚನ್ನು ಹಿಡಿದು ತೂಗಿದಾಗ ಕಂಬ ಮುರಿದು ಎದೆಯ ಮೇಲೆ ಬಿದ್ದಿತು. ಅದೇ ದಿನಗಳಲ್ಲಿ ಬಹಾದುರಗಡದಲ್ಲಿಯೂ 15 ವರ್ಷದ ಹುಡುಗನೊಬ್ಬನು ಅದೇ ರೀತಿಯಲ್ಲಿ ಸತ್ತ. ಬುಟ್ಟಿಗೆ ಜೋತುಬೀಳುವುದು ಆ ಆಟದಲ್ಲಿ ದಿನನಿತ್ಯದ ಸಂಗತಿ. ಒಬ್ಬ ಹುಡುಗನ ಭಾರವನ್ನು ತಡೆಯಲಾರದ ಕಂಬವನ್ನು ಆಟದ ಸಾಮಗ್ರಿಯೆಂದು ಕರೆಯುವುದಾದರೂ ಹೇಗೆ? ಈ ಮೂವರಲ್ಲಿ ಒಬ್ಬನೂ ಆಟದ ಪೆಟ್ಟಿನಿಂದ ಸತ್ತವನಲ್ಲ.

ಪತ್ರಿಕೆಗಳು ಇಂಥ ಸುದ್ದಿಯನ್ನು ಬರೆದಾಗ ಒಬ್ಬ ಇಂಜಿನಿಯರನೋ ಅಧಿಕಾರಿಯೋ ಅಮಾನತಾದನೆಂಬ ವಾಕ್ಯ ಕೊನೆಗೆ ಬರುತ್ತದೆ. ಅಮಾನತು ಪರಿಹಾರವಲ್ಲ. ನಿಷ್ಕಾಳಜಿಯಿಂದ ಸಾವನ್ನುಂಟುಮಾಡಿದವನಿಗೆ ನ್ಯಾಯಸಂಹಿತೆಯ 106ನೆಯ ಕಲಮು ಐದು ವರ್ಷಗಳವರೆಗೆ ಶಿಕ್ಷೆ ಹೇಳಿದೆ. ಆ ಶಿಕ್ಷೆಯಾದರೂ ಮುರಿದ ಮೊಣಕಾಲಿನ ಖರ್ಚು ಕೊಡುವುದಿಲ್ಲ. ಖರ್ಚು ಬೇಕೆಂದರೆ ಸಿವಿಲ್ ದಾವೆ ಹೂಡಬೇಕು. ಸರಕಾರದ ಮೇಲಾದರೆ ಎರಡು ತಿಂಗಳ ಮುಂಚಿನ ನೋಟೀಸು. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯದ ಶುಲ್ಕ. ಯಾವುದಾದರೊಂದು ಕಾಯಿದೆಯ ಮೇರೆಗೆ ಮಾಡಿದ ಇಲ್ಲವೆ ಮಾಡದೆ ಬಿಟ್ಟ ಕೆಲಸವೆಂದಾದರೆ 1963ರ ಕಾಲಮಿತಿ ಕಾಯಿದೆ ಕೊಡುವುದು ಒಂದೇ ವರ್ಷ. ಶಸ್ತ್ರಕ್ರಿಯೆ ಮುಗಿಸಿ, ಸಾಲ ಲೆಕ್ಕಹಾಕಿ, ತಲೆಯೆತ್ತುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಅದೇ ಹುಡುಗ ಮೈದಾನದ ಗೇಟಿನಿಂದ ಹತ್ತು ಹೆಜ್ಜೆ ಆಚೆ ಹೆದ್ದಾರಿಯಲ್ಲಿ ಮೋಟಾರು ತಗಲಿ ಕಾಲು ಮುರಿದುಕೊಂಡಿದ್ದರೆ? ಅವನಿಗಾಗಿ ಪ್ರತ್ಯೇಕ ನ್ಯಾಯಮಂಡಳಿಯಿದೆ. ಮೋಟಾರು ವಾಹನ ಕಾಯಿದೆಯ 164ನೆಯ ಕಲಮಿನಂತೆ, ತಪ್ಪು ಯಾರದೆಂದು ಸಿದ್ಧಪಡಿಸುವ ಗೊಡವೆಯಿಲ್ಲದೆ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ರೂಪಾಯಿ ಇದೆ. ಗೇಟಿನ ಒಳಗೆ ಬಿದ್ದವನಿಗೆ ಇದಾವುದೂ ಇಲ್ಲ. ಮಕ್ಕಳು ರಸ್ತೆಯಲ್ಲಿ ಆಡಬಾರದು, ಮೈದಾನದಲ್ಲಿ ಆಡಬೇಕು ಎಂದು ಬೋಧಿಸುವ ನಾವು ಇದಕ್ಕೆ ಏನು ಸಮಾಧಾನ ಹೇಳೋಣ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತಳ್ಳಿಹಾಕುವಂಥದಲ್ಲ. ಪ್ರತಿಯೊಂದು ಗಾಯಕ್ಕೂ ಹಣ ಕೊಡಬೇಕಾದರೆ ಗ್ರಾಮಪಂಚಾಯತಿಯವರು ಮೈದಾನಕ್ಕೆ ಬೀಗ ಹಾಕಿಯಾರು, ಜಾತ್ರೆಯ ಪಂಚರು ಕುಸ್ತಿಯನ್ನೇ ನಿಲ್ಲಿಸಿಯಾರು. ಸಂಜೆಯ ಐದು ಗಂಟೆಗೆ ಬೀಗ ಬೀಳುವ ಶಾಲೆಯ ಅಂಗಳಗಳನ್ನು ನಾವು ಈಗಾಗಲೆ ನೋಡುತ್ತಿದ್ದೇವೆ. ಹಳ್ಳಿಯ ಹುಡುಗರಿಗೆ ಇದ್ದೊಂದು ಬಯಲೂ ಹೋದರೆ ಮೊಬೈಲಿನ ಪರದೆಯೊಂದೇ ಗತಿ. ಆದರೆ ಈ ಭಯ ಹುಟ್ಟುವುದು ಎರಡು ಪೆಟ್ಟುಗಳನ್ನು ಕಲಸಿದಾಗ. ಪಟ್ಟಿಗೆ ಸಿಕ್ಕು ಉಳುಕಿದ ಭುಜಕ್ಕೆ ಪಂಚರು ದಂಡ ತೆರಬೇಕೆಂದು ಯಾರೂ ಹೇಳುತ್ತಿಲ್ಲ. ಕಣದಿಂದ ಗೂಟ ಕೀಳಿಸುವುದಕ್ಕೆ, ಮೈದಾನದ ಕುಣಿ ಮುಚ್ಚಿಸುವುದಕ್ಕೆ, ಬಯಲು ಜಿಮ್ಮಿನ ಸಡಿಲಾದ ಬೋಲ್ಟನ್ನು ಬಿಗಿಸುವುದಕ್ಕೆ ಆಗುವ ಖರ್ಚು ಜಾತ್ರೆಯ ಒಂದು ಹೊತ್ತಿನ ಧ್ವನಿವರ್ಧಕದ ಬಾಡಿಗೆಗಿಂತ ಹೆಚ್ಚಲ್ಲ.

ಆ ಬಯಲು ಜಿಮ್ಮಿನ ವಿಷಯ ಸ್ವಲ್ಪ ಹೇಳಬೇಕು. ಊರೂರಿಗೆ ಈ ಬಣ್ಣಬಣ್ಣದ ಕಬ್ಬಿಣದ ಸಾಮಾನು ಬಂದು ಕೂತಿದೆ. ಅನುದಾನ ಯಾರದೆಂಬುದನ್ನು ದೊಡ್ಡಕ್ಷರಗಳಲ್ಲಿ ಬರೆದ ಫಲಕವಿರುತ್ತದೆ, ಉದ್ಘಾಟಿಸಿದವರ ಹೆಸರಿರುತ್ತದೆ. ನೋಡಿಕೊಳ್ಳುವವನ ಹೆಸರು ಮಾತ್ರ ಇರುವುದಿಲ್ಲ. ಗುತ್ತಿಗೆದಾರನ ಅವಧಿ ಮುಗಿದ ಮೇಲೆ ಅದು ಪಂಚಾಯತಿಯದೋ, ಇಲಾಖೆಯದೋ, ಶಾಲೆಯದೋ ಎಂಬುದು ಕಾಗದಗಳಲ್ಲಿ ಹುಡುಕಬೇಕಾದ ಸಂಗತಿ. ಜಾತ್ರೆಯ ಕಮಿಟಿಯದು ಇನ್ನೂ ವಿಚಿತ್ರ ಸ್ಥಿತಿ: ಪಟ್ಟಿ ಎತ್ತುವಾಗ ಇಡೀ ಊರೇ ಕಮಿಟಿ, ಪೆಟ್ಟಾದಾಗ ಯಾರೂ ಕಮಿಟಿಯಲ್ಲ. ಅದು ನೋಂದಣಿಯಾದ ಸಂಸ್ಥೆಯಲ್ಲದಿದ್ದರೆ ದಾವೆಯನ್ನು ವ್ಯಕ್ತಿಗಳ ಮೇಲೆ ಹೂಡಬೇಕಾಗುತ್ತದೆ. ಅಣ್ಣತಮ್ಮಂದಿರ ಊರಲ್ಲಿ ಯಾರು ಯಾರ ಮೇಲೆ ಹೂಡಿಯಾರು? ಮುಷ್ಟಿಕಾಳಗದ ಮೈಕೇಲ್ ವಾಟ್ಸನ್ 1991ರಲ್ಲಿ ಲಂಡನ್ನಿನ ಕಣದಲ್ಲಿ ಕುಸಿದಾಗ ತಕ್ಕ ವೈದ್ಯೋಪಚಾರ ಕಣದ ಬದಿಯಲ್ಲಿರಲಿಲ್ಲ. ಪಂದ್ಯದ ನಿಯಮಗಳನ್ನು ಮಾಡಿದ ಮಂಡಳಿಯೇ ಅದಕ್ಕೆ ಹೊಣೆಯೆಂದು 2000ದ ಡಿಸೆಂಬರಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಹೇಳಿತು. ಎದುರಾಳಿಯ ಏಟಿಗೆ ವಾಟ್ಸನ್ ಒಪ್ಪಿದ್ದ. ಏಟು ಬಿದ್ದ ಮೇಲೆ ಉಪಚಾರವಿಲ್ಲದೆ ಬಿದ್ದಿರುವುದಕ್ಕೆ ಒಪ್ಪಿರಲಿಲ್ಲ. ಕುತ್ತಿಗೆಯ ಮೇಲೆ ಬೀಳುವ ಸಂಭವವುಳ್ಳ ಕುಸ್ತಿಯನ್ನು ಆಡಿಸುವ ನಮ್ಮ ಕಮಿಟಿಗಳು ಆ ದಿನ ಒಬ್ಬ ವೈದ್ಯನನ್ನಾದರೂ ಕೂಡಿಸಿಕೊಳ್ಳಬಾರದೆ?

ಈ ವಿಚಾರವೆಲ್ಲ ಪಶ್ಚಿಮದ ಎರವಲೆಂದು ಮೂಗು ಮುರಿಯುವವರು ಮನೆಯ ಗ್ರಂಥವನ್ನೇ ತೆರೆದು ನೋಡಲಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದ, ನಮ್ಮ ಇಂಡಿಯ ಸೀಮೆಯೂ ಆ ಚಾಲುಕ್ಯರ ರಾಜ್ಯದೊಳಗಿನದೇ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕಟ್ಟಿಗೆ, ಹೆಂಟೆ, ಬಾಣ, ಕಲ್ಲುಗಳಿಂದ ಇತರರಿಗೆ ಪೆಟ್ಟಾದಾಗ ‘ದೂರ ಸರಿ’ ಎಂದು ಮೊದಲೇ ಕೂಗಿದವನಿಗೆ ದೋಷವಿಲ್ಲವೆಂದು ವಿಧಿಸಲಾಗಿದೆ. ಅದರ ಸಮೀಪದಲ್ಲಿಯೇ ಇನ್ನೊಂದು ವಿಧಿ: ಕೋರೆಯ ಅಥವಾ ಕೊಂಬಿನ ಪ್ರಾಣಿಯ ಒಡೆಯನು, ಬಿಡಿಸುವ ಶಕ್ತಿಯಿದ್ದೂ ಸಿಕ್ಕಿಬಿದ್ದವನನ್ನು ಬಿಡಿಸದಿದ್ದರೆ ದಂಡ ತೆರಬೇಕು; ಸಿಕ್ಕವನು ಕೂಗಿಕೊಂಡ ಮೇಲೂ ಬಿಡಿಸದಿದ್ದರೆ ದಂಡ ಇಮ್ಮಡಿ. ಎಚ್ಚರಿಕೆ ಕೊಟ್ಟವನಿಗೆ ಬಿಡುಗಡೆ, ಕೂಗು ಕೇಳಿಯೂ ಸುಮ್ಮನಿದ್ದವನಿಗೆ ಇಮ್ಮಡಿ ಹೊರೆ. ಲಾರ್ಡರ ಸಭೆ 20ನೆಯ ಶತಮಾನದಲ್ಲಿ ತೂಗಿದುದೂ ಹೆಚ್ಚುಕಡಿಮೆ ಇದೇ ತಕ್ಕಡಿಯಲ್ಲಿ.

ಈ ಕೂಗು ಎಂಬುದು ಇಂದಿನ ಕಾಯಿದೆಯಲ್ಲಿ ಬಾಯಿಮಾತಾದರೆ ನಿಲ್ಲುವುದಿಲ್ಲ, ಕಾಗದದಲ್ಲಿರಬೇಕು. ರಾಜ್ಯ ಸರಕಾರವು ಮೈದಾನದ ಗಾಯಗಳನ್ನು ಮೋಟಾರು ಅಪಘಾತದ ಮಾದರಿಯಲ್ಲಿ ವಿಚಾರಿಸುವ ಏರ್ಪಾಡು ಮಾಡಬೇಕು, ಪ್ರತಿ ಸಾರ್ವಜನಿಕ ಮೈದಾನದ ಫಲಕದ ಮೇಲೆ ಉದ್ಘಾಟಕರ ಹೆಸರಿನ ಕೆಳಗಾದರೂ ನೋಡಿಕೊಳ್ಳುವವರ ಹೆಸರು ಬರೆಯಿಸಬೇಕು ಎಂದು ನಾವು ಕೇಳಬಹುದು, ಕೇಳಲೇಬೇಕು. ಅದು ಬರುವವರೆಗೆ ದೈಹಿಕ ಶಿಕ್ಷಣದ ಶಿಕ್ಷಕರೂ ತಂದೆತಾಯಿಗಳೂ ಕಾಯಬೇಕಾದುದಿಲ್ಲ. ಗ್ರಾಮಸಭೆ ನಡೆಯುವ ದಿನ, ಮೈದಾನದಲ್ಲಿ ಎಷ್ಟು ಕುಣಿಗಳಿವೆ, ಯಾವ ಕಂಬ ಅಲುಗುತ್ತದೆ, ಯಾವ ಗೇಟಿನ ಕೀಲು ಸವೆದಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಭಿವೃದ್ಧಿ ಅಧಿಕಾರಿಗೆ ಕೊಟ್ಟು, ಎರಡನೆಯ ಪ್ರತಿಯ ಮೇಲೆ ತಾರೀಖು, ಸಹಿ, ಮೊಹರುಗಳನ್ನು ಪಡೆದು ಶಾಲೆಯ ಕಪಾಟಿನಲ್ಲಿಡಲಿ. ಬಹುಮಟ್ಟಿಗೆ ಆ ಕಾಗದ ತಲುಪಿದ ಮೇಲೆ ಕುಣಿ ಮುಚ್ಚೀತು. ಮುಚ್ಚದೆ ಯಾರಾದರೂ ಬಿದ್ದರೆ, ವಕೀಲರು ಮೊಟ್ಟಮೊದಲು ಕೇಳುವ ಕಾಗದ ಅದೇ.